ಒಬ್ಬರನ್ನೇ ತಂದು ಕೂರಿಸಬೇಡ

ಪ್ರೀತಿಯ ಪುಟ್ಟಿ,

ನಿಮ್ಮ ಸ್ಕೂಲಿನಲ್ಲಿ ಹೊಸ ಮೇಷ್ಟ್ರನ್ನು ಆರಿಸುವ ಸಮಿತಿಗೆ ನಿನ್ನನ್ನೂ ಹಾಕಿದ್ದಾರೆ ಅಂತ ನಿಮ್ಮಪ್ಪ ಹೇಳಿದ. ಇದೇ ಸೌತ್ ಕೆರೊಲಿನಾದ ಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು, ಬರೆಯದೆ ಇರಲಾಗಲಿಲ್ಲ.

ಅಷ್ಟೊಂದು ಕಪ್ಪು ಮಕ್ಕಳಿದ್ದಾರೆ, ಪಾಠ ಮಾಡುವ ಕಪ್ಪು ಗಂಡಸು ಒಬ್ಬರೂ ಇಲ್ಲ ಅಂದೆಯಂತೆ. ಅಮೆರಿಕದ ಸರ್ಕಾರಿ ಶಾಲೆಗಳ ಮೇಷ್ಟ್ರುಗಳಲ್ಲಿ ಕಪ್ಪು ಗಂಡಸರು ನೂರಕ್ಕೆ ಇಬ್ಬರೂ ಇಲ್ಲ. 'ಅವರಿಗೆ ಈ ಕೆಲಸ ಬೇಡ' ಅಂತ ಯಾರಾದರೂ ಅಂದರೆ ಸುಮ್ನೆ ಕೂರಬೇಡ. ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಸ್ಕೂಲು ಕೂಡದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ 1954ರ ಬ್ರೌನ್ ತೀರ್ಪಿನ ನಂತರ ಎಲ್ಲ ಮಕ್ಕಳನ್ನೂ ಒಟ್ಟಿಗೆ ಓದಿಸುವ ಕಾಲ ಬಂದಾಗ, ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚಾಗಿ ಬಾಗಿಲು ಹಾಕಿದ್ದು ಕಪ್ಪು ಮಕ್ಕಳ ಸ್ಕೂಲುಗಳೇ. ಮಕ್ಕಳನ್ನು ಸೇರಿಸಿಕೊಂಡರು, ಅವರ ಸಾವಿರಾರು ಮೇಷ್ಟ್ರುಗಳನ್ನು ಮನೆಗೆ ಕಳಿಸಿದರು.

ನಷ್ಟ ಮಕ್ಕಳದ್ದೇ. ಪಕ್ಕದ ನಾರ್ತ್ ಕೆರೊಲಿನಾದ ಮಕ್ಕಳನ್ನು ನೋಡಿ 2017ರಲ್ಲಿ ಒಂದು ಅಧ್ಯಯನ ಬಂತು. ತೀರಾ ಬಡ ಮನೆಯ ಕಪ್ಪು ಹುಡುಗರಿಗೆ 3ರಿಂದ 5ನೇ ತರಗತಿಯೊಳಗೆ ಒಬ್ಬರಾದರೂ ಕಪ್ಪು ಟೀಚರ್ ಸಿಕ್ಕಿದ್ದರೆ, ಹೆಂಗಸಾಗಲಿ ಗಂಡಸಾಗಲಿ, ಹೈಸ್ಕೂಲ್ ಬಿಡುವ ಸಾಧ್ಯತೆ ಶೇ. 39ರಷ್ಟು ಕಡಿಮೆ ಆಗಿತ್ತು. ಒಬ್ಬರೇ ಒಬ್ಬರು ಟೀಚರ್, ಪುಟ್ಟಿ!

ಹುಡುಕುವುದು ಕಷ್ಟ ಅನ್ನಬೇಡ. ನಮ್ಮ ರಾಜ್ಯದ ಕ್ಲೆಮ್ಸನ್ ಯೂನಿವರ್ಸಿಟಿಯ 'ಕಾಲ್ ಮಿ ಮಿಸ್ಟರ್' ಅನ್ನುವ ಕಾರ್ಯಕ್ರಮ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಪ್ಪು ಹುಡುಗರನ್ನು ಮೇಷ್ಟ್ರಾಗಿ ತಯಾರು ಮಾಡುತ್ತಿದೆ. ಫೀಸಿಗೆ ನೆರವು ಕೊಡುತ್ತಾರೆ, ಹುಡುಗರನ್ನು ಒಂದು ಗುಂಪಾಗಿ ಬೆಳೆಸುತ್ತಾರೆ, ಕೆಲಸ ಹುಡುಕಲೂ ಜೊತೆಗಿರುತ್ತಾರೆ. ಆ ಗುಂಪು ಅನ್ನುವುದೇ ಮುಖ್ಯ, ಅಲ್ವಾ? ನಿಮ್ಮಂಥ ಸ್ಕೂಲುಗಳು ಒಬ್ಬನನ್ನು ತಂದು ಫೋಟೋ ತೆಗೆದು ಮರೆಯುತ್ತವೆ. ಆಮೇಲೆ ಗಲಾಟೆ ಮಾಡುವ ಪ್ರತಿ ಹುಡುಗನನ್ನೂ ಅವನ ಕ್ಲಾಸಿಗೇ ಅಟ್ಟುತ್ತಾರೆ. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಒಳ್ಳೇ ಸೈನ್ಸ್ ಮೇಷ್ಟ್ರು ಹೀಗೆ ಬೇಸತ್ತು ಬಿಟ್ಟುಹೋದದ್ದನ್ನು ನಾನೇ ನೋಡಿದೆ. ಆತ ಪಾಠ ಮಾಡಲು ಬಂದಿದ್ದ, ಸ್ಕೂಲಿಗೆ ಬೇಕಾಗಿದ್ದು ಕಾವಲುಗಾರ.

ಅದಕ್ಕೇ ಹೇಳುತ್ತೇನೆ, ಸಾಧ್ಯವಾದರೆ ಇಬ್ಬರನ್ನು ಒಟ್ಟಿಗೆ ತಗೊಳ್ಳಿ. ಶಿಸ್ತಿನ ಕೆಲಸ ಎಲ್ಲರಿಗೂ ಸಮ ಹಂಚಲಿ, ಒಬ್ಬರಿಗೇ ಜಾಸ್ತಿ ಬಿದ್ದರೆ ಅದಕ್ಕೆ ಸಂಬಳ ಕೇಳು. ಮೇಷ್ಟ್ರಾಗುವ ಮೊದಲು ಸ್ಕೂಲಿನಲ್ಲಿ ಪಾಠ ಮಾಡಿ ಕಲಿಯುವ ತರಬೇತಿಯ ತಿಂಗಳುಗಳಲ್ಲಿ ಎಷ್ಟೋ ಕಡೆ ಬಿಡಿಗಾಸೂ ಸಿಗುವುದಿಲ್ಲ, ಮನೆಯಲ್ಲಿ ದುಡ್ಡಿಲ್ಲದ ಹುಡುಗ ಅಲ್ಲೇ ನಿಂತುಬಿಡುತ್ತಾನೆ. ಆ ತಿಂಗಳುಗಳಿಗೆ ಹಣ ಎಲ್ಲಿಂದ ಬರುತ್ತದೆ ಅಂತ ಮೊದಲ ಮೀಟಿಂಗಿನಲ್ಲೇ ಕೇಳು. ಅವರು ಏನಂದರು ಅಂತ ನನಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ