ಲೊಕೇಶನ್ ಕಳಿಸಲ್ಲ, ನೀನೇ ಬಾ

ಗೆಳೆಯಾ,

ನಾನು ಕಳಿಸಿದ ಗೂಬೆಯ ಫೋಟೊ ನೋಡಿ ನೀನು "ಲೊಕೇಶನ್ ಹಾಕೋ" ಅಂತ ಒಂದೇ ಸಾಲು ಕಳಿಸಿದ್ದೆ. ಅದಕ್ಕೆ ಇಷ್ಟುದ್ದ ಪತ್ರ ಬರೀಬೇಕಾಗಿದೆ ನೋಡು. ನಾಲ್ಕು ಮಂದಿ ಓದುವ ಕಡೆ ಇದನ್ನು ಹಾಕುತ್ತಿರೋದರಿಂದ ಊರಿನ ಹೆಸರು ಬೇಡ. ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆಯ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಅಂದುಕೋ, ಸಾಕು.

ಎಳ್ಳಮಾಸಿ ಮುಗಿದು ವಾರವಾಗಿತ್ತು. ನಾಲ್ಕೂವರೆಗೆ ಬೈಕು ಒಡ್ಡಿನ ಮೇಲೆ ನಿಲ್ಲಿಸಿ ಕಡ್ಲಿ ಹೊಲದ ನಡುವೆ ನಡೆದೆ. ಕಡ್ಲಿ ಗಿಡದ ಹುಳಿ ಗೊತ್ತಲ್ಲ, ಹತ್ತು ಹೆಜ್ಜೆಗೆ ಕಾಲೆಲ್ಲ ಕಡಿತ. ತಂತಿಯ ಮೇಲೆ ರಾಮದಾಸ ಹದ್ದೊಂದು ಕೂತಿತ್ತು, ಕೆಂಪು ಕಣ್ಣು, ಭುಜದ ಮೇಲೆ ಕರಿ ಮಸಿ ಬಳಿದಂತೆ. ಎದ್ದು ಹೊಲದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತಿತು, ಕಾಲು ಇಳಿಬಿಟ್ಟು ಇಳಿಯಿತು, ಬರಿಗಾಲಲ್ಲಿ ಎದ್ದಿತು. ಮೂರು ಸಲವೂ ಅಷ್ಟೇ.

ಆಚೆಯ ಬೀಳು ನೆಲದಲ್ಲಿ ಹೊತ್ತು ಮುಳುಗೋ ಮುಂಚೆ ಹ್ಯಾರಿಯರ್‌ಗಳು, ಅದೇ ಚಳಿಗಾಲಕ್ಕೆ ವಲಸೆ ಬರೋ ಬೇಟೆ ಹಕ್ಕಿಗಳು, ಬರತೊಡಗಿದವು. ಮೊದಲು ಒಂದು ಕಂದು ಹೆಣ್ಣು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಹಿಂದೆಯೇ ಬೂದು ಬಣ್ಣದ ಗಂಡು, ರೆಕ್ಕೆಯ ಮೇಲೆ ಕರಿ ಗೆರೆ ಕಂಡಿತು, ಹಾಗಾಗಿ ಮೊಂಟಾಗು ಹ್ಯಾರಿಯರ್ ಅಂತ ಬರೆದುಕೊಂಡೆ. ಕಝಾಕಿಸ್ತಾನದಂಥ ಕಡೆಯಿಂದ ಇಲ್ಲಿಗೆ ಮಿಡತೆ ತಿನ್ನಲು ಬರೋ ಹಕ್ಕಿ, ರಾತ್ರಿ ಮಲಗೋದು ಮಾತ್ರ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಸುತ್ತು ಹಾಕಿ, ಇಳಿದು, ಮತ್ತೆ ಎದ್ದು, ಜಾಗ ಬದಲಿಸಿ ಕೂತವು. ಹನ್ನೊಂದು ಎಣಿಸಿದೆ, ಒಂದೆರಡು ಎರಡು ಸಲ ಎಣಿಸಿರಬಹುದು. ಅಷ್ಟು ದೂರದಿಂದ ಬಂದ ಹಕ್ಕಿಗೆ ಯಾರೂ ಉಳದ ನಾಲ್ಕೆಕರೆ ಬೇಕು. ನಮ್ಮ ಕಾಗದಪತ್ರದಲ್ಲಿ ಅದರ ಹೆಸರು "ಪಾಳು".

ಹೊಲದ ಯಜಮಾನರು ಎತ್ತು ಹೊಡಕೊಂಡು ಮನೆಗೆ ಹೊರಟಿದ್ದರು. "ಗೂಗಿ ಮಾರಿ ನೋಡಬಾರ್ದಂತಾರ, ನೀವು ಪೆಟ್ರೋಲ್ ಸುಟ್ಕೊಂಡು ನೋಡಾಕ ಬಂದೀರಲ್ರೀ!" ಅಂತ ನಕ್ಕರು. ಕೈತುಂಬ ಸುಲಗಾಯಿ, ಅಂದರೆ ಹಸಿ ಕಡ್ಲಿಕಾಯಿ ಕೊಟ್ಟು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು: ದೀಪಾವಳಿ ಅಮಾಸಿಗೆ ಮುಂಚೆ, ಮಾಟ-ಮಂತ್ರಕ್ಕೆ ಅಂತ ಗೂಬೆ ಹಿಡಿಯೋ ಹೊತ್ತಿನಲ್ಲಿ, ಇಬ್ಬರು ಬಂದು "ಕ್ವಾರಿ ಗೂಗಿ ಎಲ್ಲಿ ಕುಂದರತೈತಿ" ಅಂತ ಕೇಳಿದ್ದರಂತೆ, ರೊಕ್ಕವನ್ನೂ ತೋರಿಸಿದರಂತೆ. "ನಂಗೇನ್ ಗೊತ್ರೀ ಅಂದೆ. ನಮ್ ಕಡ್ಲಿಯೊಳಗಿನ ಇಲಿ ತಿಂತೈತಿ, ಇರ್ಲಿ ಬಿಡ್ರಿ." ಗೂಬೆ ಹಿಡಿಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಅಂತ ಹೇಳಬೇಕೆಂದಿದ್ದೆ. ಅವರಿಗೆ ಕಾಯ್ದೆ ಬೇಕಾಗಿರಲಿಲ್ಲ.

ಇಲಿ ತಿನ್ನುತ್ತೆ ಅನ್ನೋದಕ್ಕೆ ಸಾಕ್ಷಿ ಹೊಲದಂಚಿನ ಬಂಡೆಯ ಬುಡದಲ್ಲೇ ಬಿದ್ದಿತ್ತು. ಹೆಬ್ಬೆರಳಿಗಿಂತ ದಪ್ಪದ ಬೂದು ಉಂಡೆ. ಗೂಬೆ ಅರಗದ ಕೂದಲು, ಎಲುಬುಗಳನ್ನು ಹೀಗೆ ಉಗುಳುತ್ತದೆ. ಕಡ್ಡಿಯಿಂದ ಬಿಡಿಸಿದೆ: ಒತ್ತೊತ್ತಾಗಿ ರೋಮ, ಒಳಗೆ ಪುಟ್ಟ ದವಡೆ, ಅದರಲ್ಲಿ ಕಿತ್ತಳೆ ಬಣ್ಣದ ಬಾಗಿದ ಹಲ್ಲು. ನೀನಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದೆ, ವಾಸನೆ ಏನೂ ಇರಲಿಲ್ಲ ಮಾರಾಯ.

ಕತ್ತಲಾಗುತ್ತಲೇ ಹಳೇ ಕ್ವಾರಿಯ ಕಡೆಯಿಂದ "ಬು... ಬೂಊ". ಎದೆಯೊಳಗೇ ಯಾರೋ ಗುಮ್ಮಿದಂತೆ. ಕಲ್ಲಿನ ಅಂಚಿನಲ್ಲಿ ಕೊಂಬಿನ ಗೂಬೆ ಎದ್ದು ನಿಂತಿತು. ಆ ಕೊಂಬು ಕಿವಿಯೂ ಅಲ್ಲ, ಬರೀ ಪುಕ್ಕ. ಕೆಳಗಿನ ಕಲ್ಲುಸಂದಿಯಲ್ಲಿ ಇನ್ನೊಂದು ಅಲ್ಲಾಡದೆ ಕೂತಿತ್ತು. ಚಳಿಗಾಲ ಇವು ಮೊಟ್ಟೆಯಿಡುವ ಕಾಲ, ಗೂಡೂ ಕಟ್ಟೋದಿಲ್ಲ, ಬರಿ ನೆಲದ ಮೇಲೇ ಇಡುತ್ತವೆ. ಹತ್ತಿರ ಹೋಗಲಿಲ್ಲ. ನೀನು ನೋಡಿದ ಮಸುಕು ಫೋಟೊ ಅಲ್ಲಿಂದಲೇ ತೆಗೆದದ್ದು, ಬೈಯಬೇಡ.

ಹ್ಯಾರಿಯರ್‌ಗಳು ಬೇಸಿಗೆ ಬಲಿಯೋಕೆ ಮುಂಚೆ ಹೊರಟುಬಿಡುತ್ತವೆ. ಕಡ್ಲಿ ಅದಕ್ಕೂ ಮೊದಲೇ ಕಿತ್ತಾಗಿರುತ್ತೆ. ಸುಲಗಾಯಿ ಬೇಕಿದ್ದರೆ ಬರೋ ಶನಿವಾರವೇ ಬಸ್ ಹತ್ತು. ದಪ್ಪ ಪ್ಯಾಂಟು ಹಾಕು, ಫ್ಲ್ಯಾಶ್ ಮನೆಯಲ್ಲೇ ಇಡು. ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ನಿನ್ನವನೇ