ಮನೆಯ ಫೋನ್ ನಡೆಸುವುದು ಮಕ್ಕಳೇ, ಕಲಿಸಬೇಕಾದದ್ದೂ ಅವರಿಗೇ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಯಾದಗಿರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಮಕ್ಕಳು ಮತ್ತು ಮೊಬೈಲ್ ಕುರಿತು ನಿಮ್ಮ ಓದುಗರ ಪುಟದಲ್ಲಿ ಬರುವ ಪತ್ರಗಳನ್ನು ಕತ್ತರಿಸಿ ನಮ್ಮ ಸೂಚನಾ ಫಲಕಕ್ಕೆ ಹಚ್ಚುತ್ತೇನೆ. ಬಹಳಷ್ಟು ಪತ್ರಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಸಲಹೆಗೆ: ತಂದೆ ತಾಯಿ ನಿಗಾ ಇಡಬೇಕು. ಹಾಗೆ ಬರೆಯುವವರು ತೊಗರಿ ರಾಶಿ ಮುಗಿದ ಮೇಲೆ ಒಮ್ಮೆ ನಮ್ಮ ಕಡೆ ಬರಬೇಕು. ಹತ್ತಿ ಬಿಡಿಸುವ ಕೆಲಸವೂ ತೀರಿತೆಂದರೆ ಓಣಿಗೆ ಓಣಿಯೇ ಗುಳೆ ಏಳುತ್ತದೆ. ಬೆಂಗಳೂರು, ಪುಣೆ, ಮುಂಬೈ, ಎಲ್ಲಿ ಕಟ್ಟಡದ ಕೆಲಸ ಸಿಕ್ಕರೆ ಅಲ್ಲಿಗೆ. ಊರಲ್ಲಿ ಉಳಿಯುವವರು ಮುತ್ಯಾ, ಆಯಿ, ಸಾಲಿಗೆ ಹೋಗುವ ಮಕ್ಕಳು. ಜೊತೆಗೆ ಅಪ್ಪ ಬಿಟ್ಟುಹೋದ ಒಂದು ಫೋನ್.

ಆ ಫೋನ್ ಕಸಿದುಕೊಳ್ಳಿ ಎನ್ನುವುದು ಸುಲಭ. ಆದರೆ ಅವ್ವನ ಮುಖ ಕಾಣುವುದೇ ಅದರಲ್ಲಿ. ಮುತ್ಯಾನ ಪಿಂಚಣಿ ಜಮೆ ಆಯಿತೇ, ಗೃಹಲಕ್ಷ್ಮಿಯ 2,000 ರೂಪಾಯಿ ಬಂತೇ ಎಂದು ಮೆಸೇಜ್ ಓದಿ ಹೇಳುವುದು ಎಂಟನೇ ಕ್ಲಾಸಿನ ಹುಡುಗಿ. ಒಟಿಪಿ ಓದುವವಳೂ ಅವಳೇ, ಅಂಗಡಿಯಲ್ಲಿ ದುಡ್ಡು ಕಳಿಸಲು ಪಿನ್ ಒತ್ತುವವಳೂ ಅವಳೇ. ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳ ಫೋನ್ ಕಾಯುವುದಿಲ್ಲ, ಮಕ್ಕಳೇ ಹಿರಿಯರ ಫೋನ್ ನಡೆಸುತ್ತಾರೆ. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಖೊಟ್ಟಿ ಆ್ಯಪ್ ಒತ್ತಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು ಹದಿಮೂರರ ಬೆರಳು. ಕಲಿಸುವುದಾದರೆ ಆ ಬೆರಳಿಗೇ ಕಲಿಸಬೇಕು. ಅಷ್ಟನ್ನು ಹೇಳಲೆಂದೇ ಈ ಪತ್ರ.

ನಿಷೇಧದ ಮಾತು ಈಗ ಜೋರಾಗಿದೆ. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್ ಥರದ ಕಡೆ ಖಾತೆ ಇಟ್ಟುಕೊಳ್ಳುವಂತಿಲ್ಲ. ಅಲ್ಲಿ ದಂಡ ಬೀಳುವುದು ಕಂಪನಿಗೆ, ಮಗುವಿಗೂ ಇಲ್ಲ, ಪೋಷಕರಿಗೂ ಇಲ್ಲ. ಆ ಭಾಗ ನನಗೆ ಒಪ್ಪಿಗೆ. ನಮ್ಮ ದೇಶದಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿ ಬಳಸಬೇಕಾದರೆ ಪೋಷಕರ ಒಪ್ಪಿಗೆ ಬೇಕು, ಅದು ಪರಿಶೀಲಿಸಬಹುದಾದ ಒಪ್ಪಿಗೆಯಾಗಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುವಂತಿವೆ. ಒಳ್ಳೆಯದೇ. ಆದರೆ ಅಪ್ಪ ಪುಣೆಯ ತಗಡಿನ ಶೆಡ್ಡಿನಲ್ಲಿದ್ದಾನೆ, ಅವನ ಹೆಸರಿನ ಸಿಮ್ ಮಗನ ಕೈಯಲ್ಲಿದೆ. ಒಪ್ಪಿಗೆ ಕೇಳಿ ಬರುವ ಒಟಿಪಿಯನ್ನು ಆ ಮಗನೇ ಓದಿ ಆ ಮಗನೇ ಒತ್ತುತ್ತಾನೆ. ದಿಲ್ಲಿಯಲ್ಲಿ ಕೂತು ನಿಯಮ ಬರೆಯುವವರ ಲೆಕ್ಕದಲ್ಲಿ ಇಂಥ ಮನೆ ಇರಲೇಬೇಕು, ಯಾಕೆಂದರೆ ಕಲ್ಯಾಣ ಕರ್ನಾಟಕದಲ್ಲಿ ಇಂಥ ಮನೆಗಳಿಗೆ ಲೆಕ್ಕವಿಲ್ಲ.

ನಮ್ಮ ಅರಿವು ಕೇಂದ್ರಕ್ಕೆ ಬರುವ ಮಕ್ಕಳ ಖಾತೆಗಳನ್ನು ಅವರನ್ನೇ ಕೂರಿಸಿಕೊಂಡು ನೋಡಿದ್ದೇನೆ. ಎಲ್ಲರೂ 2000 ಇಲ್ಲವೇ 2001ರಲ್ಲಿ ಹುಟ್ಟಿದವರು! ಇನ್‌ಸ್ಟಾಗ್ರಾಂಗೆ 13 ತುಂಬಿರಬೇಕು ಎಂಬುದು ಗೊತ್ತಿರುವ ಮಕ್ಕಳು ಇಸವಿಯನ್ನು ಹಿಂದಕ್ಕೆ ಉರುಳಿಸಿ ಎಲ್ಲಿ ನಿಂತಿತೋ ಅದನ್ನೇ ಒತ್ತಿದ್ದಾರೆ. ಇದರಿಂದ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹದಿಹರೆಯದವರಿಗೆಂದು ಆ ಕಂಪನಿ ಮಾಡಿದ ಖಾತೆ 2025ರ ಫೆಬ್ರವರಿಯಿಂದ ಭಾರತದಲ್ಲೂ ಇದೆ. ಸರಿಯಾದ ವಯಸ್ಸು ಹಾಕಿದ್ದರೆ ಖಾತೆ ತಾನಾಗಿಯೇ ಪ್ರೈವೇಟ್ ಆಗುತ್ತದೆ. ಪರಿಚಯ ಇಲ್ಲದವರು ನೇರವಾಗಿ ಮೆಸೇಜ್ ಕಳಿಸಲು ಬರುವುದಿಲ್ಲ. ರಾತ್ರಿ 10ರಿಂದ ಬೆಳಗಿನ 7ರವರೆಗೆ ಸದ್ದು ಅಡಗುತ್ತದೆ. 16ರೊಳಗಿನ ಮಗು ಇದನ್ನು ಸಡಿಲ ಮಾಡಬೇಕಾದರೆ ದೊಡ್ಡವರ ಒಪ್ಪಿಗೆ ಬೇಕು. ಸುಳ್ಳು ಇಸವಿ ಹಾಕಿದ ಕೂಡಲೇ ಈ ರಕ್ಷಣೆಯೆಲ್ಲ ಹೋಗಿ, ಹನ್ನೆರಡರ ಹುಡುಗಿ ಆ ಕಂಪನಿಯ ಕಣ್ಣಿಗೆ ಇಪ್ಪತ್ತೈದರ ಹೆಂಗಸಾಗುತ್ತಾಳೆ. ಇದನ್ನು ಬಿಡಿಸಿ ಹೇಳಿದಾಗ ಮಕ್ಕಳು ನಿಜವಾಗಿ ಬೆಚ್ಚುತ್ತಾರೆ. ಹೆದರಿಸುವ ಭಾಷಣಕ್ಕೆ ಅವರು ಹಾಗೆ ಬೆಚ್ಚಿದ್ದನ್ನು ನಾನು ಕಂಡಿಲ್ಲ. 13 ತುಂಬದವರಿಗೆ ಖಾತೆ ಬೇಡವೆಂದು ಕಡ್ಡಿ ಮುರಿದಂತೆ ಹೇಳುತ್ತೇನೆ. ತುಂಬಿದವರಿಗೆ ಅವ್ವ ಅಪ್ಪನ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡಿಸಿ, ಸರಿಯಾದ ದಿನಾಂಕದಿಂದ ಹೊಸದಾಗಿ ಶುರು ಮಾಡಿಸುತ್ತೇನೆ.

ಆಮೇಲೆ ಒಂದು ಕೆಲಸ ಕೊಡುತ್ತೇನೆ. ಪಕ್ಕದವರ ಫೋನಿನಿಂದ ನಿನ್ನ ಖಾತೆ ತೆಗೆದು, ನೀನು ಯಾರೆಂದೇ ಗೊತ್ತಿಲ್ಲದವನಿಗೆ ಅಲ್ಲಿ ಏನೇನು ಸಿಗುತ್ತದೆ ಎಂದು ಬರೆ. ಸಮವಸ್ತ್ರದ ಮೇಲಿನ ಶಾಲೆಯ ಹೆಸರು, ಹಿಂದೆ ಕಾಣುವ ಊರಿನ ಫಲಕ, ದಿನಾ ಹತ್ತುವ ಬಸ್ಸಿನ ಬೋರ್ಡ್, ಜಾತ್ರೆಯಲ್ಲಿ ಯಾರ ಜೊತೆ ಇದ್ದೆ ಎಂಬುದು, ತಮ್ಮನ ಹೆಸರು. ಬರೆಯುತ್ತ ಬರೆಯುತ್ತ ಪಟ್ಟಿ ಪುಟ ತುಂಬುತ್ತದೆ. ನಂತರ ಯಾವ ಫೋಟೊ ತೆಗೆಯಬೇಕೆಂದು ನಾನು ಹೇಳುವುದಿಲ್ಲ, ಅವರೇ ಕೂತು ತೆಗೆಯುತ್ತಾರೆ. ಈಗ ಹತ್ತನೇ ಕ್ಲಾಸಿನ ಹುಡುಗಿಯರು ಏಳನೇ ಕ್ಲಾಸಿನವರಿಗೆ ಇದನ್ನು ನನಗಿಂತ ಚೆನ್ನಾಗಿ ಮಾಡಿಸುತ್ತಾರೆ.

ಗಂಡು ಹುಡುಗರ ವಿಷಯವನ್ನೂ ಮರೆಮಾಚದೆ ಹೇಳಬೇಕು. ಸುರಕ್ಷತೆ ಎಂದ ಕೂಡಲೇ ಎಲ್ಲರೂ ಹುಡುಗಿಯರಿಗೆ ಬುದ್ಧಿ ಹೇಳಲು ಹೊರಡುತ್ತಾರೆ. ನಾರಾಯಣಪುರ ಡ್ಯಾಮಿನ ನೀರಿನ ಎದುರು, ರೈಲು ಹಳಿಯ ಮೇಲೆ ರೀಲ್ಸ್ ಮಾಡುವವರು ಹುಡುಗರು. ಮಹನೀಯರ ಭಾವಚಿತ್ರಕ್ಕೆ ಹಾಡು ಕೂಡಿಸಿ, ಪಕ್ಕದ ಓಣಿಯವರನ್ನು ಕೆಣಕುವ ಸಾಲು ಬರೆದು ಸ್ಟೇಟಸ್ ಇಡುವವರೂ ಅವರೇ. ನಮ್ಮ ಭಾಗದಲ್ಲಿ ಇಂಥ ಒಂದು ಸ್ಟೇಟಸ್ ಊರನ್ನು ಎರಡು ಮಾಡಬಲ್ಲದು. ಹುಡುಗ ಅದನ್ನು ಗಂಟೆಯೊಳಗೆ ಅಳಿಸಿದರೂ ಅದರ ಸ್ಕ್ರೀನ್‌ಶಾಟ್ ಊರು ಸುತ್ತಿರುತ್ತದೆ.

ಇನ್ನು ಒಬ್ಬ ಹುಡುಗಿಯ ವಿಷಯ. ಊರು, ಶಾಲೆ, ಕಾಲ ಯಾವುದನ್ನೂ ಹೇಳುವುದಿಲ್ಲ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಕುಣಿದಾಗ ಯಾರೋ ತೆಗೆದ ಅವಳ ಫೋಟೊ ಇಟ್ಟು, ಅವಳದೇ ಹೆಸರಿನಲ್ಲಿ ಖಾತೆ ತೆರೆದು, ಹೊಲಸು ಮಾತು ಬರೆದು, ಮನೆಯ ಫೋನ್ ನಂಬರನ್ನೂ ಹಾಕಿದ್ದರು. ಗೊತ್ತು ಗುರಿ ಇಲ್ಲದವರ ಕರೆ ಬರತೊಡಗಿದವು. ಅವಳು ಬಹಳ ದಿನ ಯಾರಿಗೂ ಹೇಳಲಿಲ್ಲ. ಬಂದ ಮೆಸೇಜುಗಳನ್ನೆಲ್ಲ ಅಳಿಸುತ್ತ ಹೋದಳು. ಕೊನೆಗೆ ಪುಸ್ತಕ ಮರಳಿಸಲು ಬಂದವಳು ನನ್ನ ಮುಂದೆ ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಸಾಲಿ ಬಿಡಸ್ತಾರ್ರಿ ಟೀಚರ್. ಮದಿವಿ ಮಾಡಿ ಕಳಸ್ತಾರ."

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಸುದ್ದಿ ಮನೆಗೆ ಮುಟ್ಟಿದ ದಿನವೇ ಸೋದರಮಾವ ಫೋನ್ ಕಸಿದುಕೊಂಡ, ಸಾಲಿ ಸಾಕು ಅಂದ, ಬೆಂಗಳೂರಿನಿಂದ ಅವ್ವ ಅಳುತ್ತ ಹೂಂ ಅಂದಳು, ನೆಂಟರಲ್ಲಿ ಒಬ್ಬ ವರನ ಹೆಸರೂ ಕೇಳಿಬಂತು. ತಪ್ಪು ಮಾಡಿದವನು ಯಾರೋ, ಕಲಿಕೆ ಕಳೆದುಕೊಳ್ಳುವವಳು ಇವಳು. ಮುಖ್ಯ ಶಿಕ್ಷಕಿ, ಆಶಾ ಕಾರ್ಯಕರ್ತೆ, ನಾನು ಕೂಡಿ ಆ ಮನೆಗೆ ಹೋದೆವು. 18 ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಮೊದಲಿಗೇ ಅಸಿಂಧು, ಮಾಡಿಸಿದವರಿಗೆ ಜೈಲು ಎಂದು ಹೇಳಿದೆವು. ಅದಕ್ಕಿಂತ ಹೆಚ್ಚಾಗಿ ಮುತ್ಯಾನ ಪಕ್ಕದಲ್ಲಿ ಕೂತು, ಆ ಖಾತೆ ನಿಮ್ಮ ಮೊಮ್ಮಗಳದ್ದಲ್ಲ ಎಂಬುದನ್ನು ಫೋನಿನಲ್ಲೇ ತೆಗೆದು ತೋರಿಸಿದೆವು. ಅದು ಯಾವಾಗ ಶುರುವಾದದ್ದು, ಅದರ ಹೆಸರು ಬದಲಾಗಿದೆಯೇ ಎಂಬುದೆಲ್ಲ ಅಲ್ಲೇ ಸಿಗುತ್ತದೆ. ಮುದುಕ ಬಹಳ ಹೊತ್ತು ನೋಡಿ, "ನಮ್ಮ ಕೂಸಿಂದೇನು ತಪ್ಪಿಲ್ಲ ಬಿಡ್ರಿ" ಎಂದ. ಈಗ ಹುಡುಗಿ ಸಾಲಿಗೆ ಬರುತ್ತಿದ್ದಾಳೆ. ರಿಪೋರ್ಟ್ ಮಾಡಿದ ಮೇಲೆ ಖಾತೆಯೂ ಹೋಯಿತು. ಅದನ್ನು ತೆರೆದವನು ಹತ್ತನೇ ಕ್ಲಾಸಿನ ಹುಡುಗ. ಚ್ಯಾಷ್ಟಿಗೆ ಮಾಡಿದೆ ಎಂದು ಅತ್ತ. ಅವನಿಗೂ ಯಾರೂ ಏನನ್ನೂ ಕಲಿಸಿರಲಿಲ್ಲ.

ಆ ದಿನಗಳಲ್ಲಿ ದೊಡ್ಡವರು ನಡೆದುಕೊಂಡ ರೀತಿ ನನ್ನನ್ನು ಹೆಚ್ಚು ಕಂಗೆಡಿಸಿತು. "ಈ ಹುಡುಗಿ ಯಾರು, ಮನೆಯವರಿಗೆ ತಿಳಿಸಿ" ಎಂದು ಒಳ್ಳೆಯ ಮನಸ್ಸಿನಿಂದಲೇ ಆ ಫೋಟೊವನ್ನು ಊರಿನ ಗುಂಪುಗಳಿಗೆ ಕಳಿಸಿದವರಿದ್ದರು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯಡಿ ನೊಂದ ಮಗುವಿನ ಗುರುತು ಬಯಲು ಮಾಡಿದವರಿಗೆ ಕನಿಷ್ಠ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಫೋಟೊ ಅಶ್ಲೀಲವಾಗಿದ್ದು ಅದರಲ್ಲಿರುವುದು ಮಗುವಾಗಿದ್ದರೆ, ಐಟಿ ಕಾಯ್ದೆಯ 67ಬಿ ಪ್ರಕಾರ ಅದನ್ನು ಮುಂದೆ ಕಳಿಸಿದವರಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಶಿಕ್ಷೆ, 10 ಲಕ್ಷದವರೆಗೆ ದಂಡ. ಅಂಥದ್ದನ್ನು ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಸಾಕ್ಷಿಗೆ ಇರಲಿ ಎಂದು ಮೇಷ್ಟ್ರ ಗುಂಪಿಗೆ ಹಾಕುವುದು ಸಾಕ್ಷಿಯಾಗುವುದಿಲ್ಲ.

ಹಾಗಾದರೆ ಮಗು ಏನು ಮಾಡಬೇಕು? ಬೆದರಿಸುವವನು ಕೇಳಿದ್ದನ್ನು ಕೊಡಬಾರದು, ಒಂದು ರೂಪಾಯಿಯನ್ನೂ, ಇನ್ನೊಂದು ಫೋಟೊವನ್ನೂ. ಕೊಟ್ಟರೆ ಕೇಳುವುದು ನಿಲ್ಲುವುದಿಲ್ಲ, ಹೆಚ್ಚುತ್ತದೆ. ಬಂದ ಮೆಸೇಜುಗಳನ್ನು ಅಳಿಸಬಾರದು. ಖಾತೆಯ ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು, ಅದರ ಜೊತೆಗಿರುವ ಯೂಸರ್‌ನೇಮ್ ಮತ್ತು ಲಿಂಕ್ ಕೂಡ ಬರುವಂತೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್. ನಂಬುವ ಒಬ್ಬ ದೊಡ್ಡವರಿಗೆ ಅದೇ ದಿನ ಹೇಳಬೇಕು. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಉಚಿತ. ದುಡ್ಡು ಹೋಗಿದ್ದರೆ 1930. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಬೆತ್ತಲೆ ಚಿತ್ರದ ಬೆದರಿಕೆ ಇದ್ದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಚಿತ್ರ ಮಗುವಿನ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅದರ ಒಂದು ಗುರುತಿನ ಸಂಖ್ಯೆ ಮಾತ್ರ ಕಂಪನಿಗಳಿಗೆ ಹೋಗಿ, ಅದೇ ಚಿತ್ರ ಅಲ್ಲಿ ಕಂಡರೆ ತೆಗೆಯಲು ಬರುತ್ತದೆ. ಪೊಲೀಸರ ಬಳಿ ಹೋಗಬೇಕಾದರೆ ಸೈಬರ್ ಅಪರಾಧ ನೋಡುವ ಜಿಲ್ಲಾ ಕೇಂದ್ರದ ಸೆನ್ ಠಾಣೆಯವರೆಗೆ ಬಸ್ ಹತ್ತಬೇಕಿಲ್ಲ, ಹತ್ತಿರದ ಠಾಣೆಯೇ ದೂರು ಬರೆದುಕೊಳ್ಳಬೇಕು. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ.

ಇಷ್ಟನ್ನು ಕಲಿಸಲು ದೊಡ್ಡ ಯೋಜನೆ ಬೇಡ. ಹೈಸ್ಕೂಲಿನಲ್ಲಿ ವಾರಕ್ಕೊಂದು ಪೀರಿಯಡ್, ಕೈಯಲ್ಲಿ ನಿಜವಾದ ಫೋನ್, ಕನ್ನಡದಲ್ಲಿ. ಪೊಲೀಸ್ ಇಲಾಖೆಯ 'ತೆರೆದ ಮನೆ' ಕಾರ್ಯಕ್ರಮದಲ್ಲಿ ಮಕ್ಕಳನ್ನು ಠಾಣೆಗೆ ಕರೆದೊಯ್ದಾಗ ದೂರು ಹೇಗೆ ದಾಖಲಾಗುತ್ತದೆ ಎಂದು ತೋರಿಸಲಿ. ಮಕ್ಕಳ ಗ್ರಾಮಸಭೆಯಲ್ಲಿ ಕುಡಿಯುವ ನೀರು, ಶೌಚಾಲಯದ ಜೊತೆಗೆ ಇದೂ ಒಂದು ವಿಷಯವಾಗಿ ಬರಲಿ. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು, ಹೀಗಾಗಿ ಊರಿನ ಮಕ್ಕಳು ಈಗಾಗಲೇ ನಮ್ಮ ಬಳಿ ಬರುತ್ತಾರೆ. ನಮ್ಮಂಥ ಮೇಲ್ವಿಚಾರಕರಿಗೆ ಸರಿಯಾದ ತರಬೇತಿ ಕೊಟ್ಟರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಶಿಕ್ಷಣಕ್ಕೆಂದು ತೆಗೆದಿಡುವ ಹಣದಲ್ಲಿ ಇದಕ್ಕೆ ತಗಲುವುದು ಬಹಳ ಸಣ್ಣ ಪಾಲು.

ನನ್ನ ದೊಡ್ಡ ಬೇಡಿಕೆ ಬೇರೆ. ಗುಳೆ ಹೋಗುವ ಮುಂಚೆ ಒಂದು ಸಂಜೆ ಪ್ರತಿ ಪಂಚಾಯಿತಿಯಲ್ಲಿ ತಂದೆ ತಾಯಿಯನ್ನೂ ಮಕ್ಕಳನ್ನೂ ಕೂಡಿಸಬೇಕು. ಬಿಟ್ಟುಹೋಗುವ ಫೋನನ್ನು ಅವರಿಬ್ಬರೂ ಕೂಡಿಯೇ ಸಿದ್ಧಮಾಡಲಿ: ಹುಟ್ಟಿದ ದಿನಾಂಕ, ಪ್ರೈವೇಟ್ ಖಾತೆ, ದುಡ್ಡಿನ ಆ್ಯಪಿಗೆ ಬೀಗ. ಕೊನೆಗೆ ಅವ್ವ ಅಪ್ಪ ಶಿಕ್ಷಕರ ಎದುರಿಗೇ ಮಗಳಿಗೆ ಹೇಳಬೇಕು: "ಏನರ ಆದ್ರ ನಮಗ ಹೇಳು ಕೂಸ, ನಿನ್ನ ಸಾಲಿ ಬಿಡಸಂಗಿಲ್ಲ." ಈ ಮಾತು ಕೊಡದೆ ಹುಡುಗಿಗೆ ಸೆಟ್ಟಿಂಗ್ ಕಲಿಸಿ ಫಲವಿಲ್ಲ. ಅವಳು ಬಾಯಿ ಬಿಡುವುದಿಲ್ಲ.

ತಮ್ಮಲ್ಲೊಂದು ಕೋರಿಕೆ. 1098, 1930, ತುರ್ತು ಸಹಾಯದ 112 ಈ ಮೂರು ಸಂಖ್ಯೆಗಳನ್ನು ವಾರಕ್ಕೊಮ್ಮೆ, ಹರಿದು ಗೋಡೆಗೆ ಹಚ್ಚುವಷ್ಟು ದೊಡ್ಡ ಅಕ್ಷರದಲ್ಲಿ ಜಿಲ್ಲಾ ಪುಟದಲ್ಲಿ ಅಚ್ಚು ಮಾಡಿ. ಈ ಪತ್ರಕ್ಕೆ ನನ್ನ ಹೆಸರನ್ನಾಗಲಿ ಊರನ್ನಾಗಲಿ ಹಾಕಬೇಡಿ. ಅದರಿಂದ ಆ ಹುಡುಗಿ ಯಾರೆಂದು ಜನರಿಗೆ ತಿಳಿಯುತ್ತದೆ.

ಗ್ರಂಥಾಲಯ ಮೇಲ್ವಿಚಾರಕಿ,
ಯಾದಗಿರಿ ಜಿಲ್ಲೆ