ಆ ಎರಡು ವರ್ಷಕ್ಕೆ ಗೀಟು ಎಳೀಬೇಡ

ಪುಟ್ಟಿ,

ನೀ ವಾಟ್ಸಾಪಲ್ಲಿ ಕಳ್ಸಿದ ಬಯೋಡಾಟಾ ನೋಡ್ದೆ. ಎಲ್ಲಾ ಚಂದ ಬರ್ದಿದ್ದೀಯ, ಆದ್ರೆ ಬಿಎಸ್ಸಿ ಮುಗಿದ ಮೇಲಿನ ಎರಡು ವರ್ಷದ ಜಾಗದಲ್ಲಿ ಬರೀ ಒಂದು ಗೀಟು ಎಳ್ದು ಬಿಟ್ಟಿದ್ದೀಯಲ್ಲ, ರಾತ್ರಿಯೆಲ್ಲ ನಂಗೆ ಅದೇ ಕಣ್ಮುಂದೆ. ಅಪ್ಪನ ಆಪರೇಷನ್ ಆದ್ಮೇಲೆ ಶಿರಸಿಯ ಬಟ್ಟೆ ಅಂಗಡೀಲಿ ದಿನಾ ಬೆಳಗ್ಗಿಂದ ರಾತ್ರಿ ತನಕ ನಿಂತು ಮನೆ ನಡ್ಸಿದ್ದು ನೀನೇ. ಮರೈನ್ ಬಯಾಲಜಿ ಕೇಳ್ಕೊಂಡು ಬಂದವ್ಳು ಸೀರೆ ಮಡ್ಚೋಳಾ ಅಂತ ಸಂದರ್ಶನ ಮಾಡೋರು ಅಂದ್ಕೊಂಡ್ರೆ ಅನ್ನೋ ಹೆದ್ರಿಕೆ ತಾನೇ ಮಗಾ?

ರಾಮಾನುಜನ್ ಇದ್ರಲ್ಲ, ಅವ್ರು 1912ರಲ್ಲಿ ಸೇರಿದ್ದು ಮದ್ರಾಸ್ ಪೋರ್ಟ್ ಟ್ರಸ್ಟಿಗೆ, ಲೆಕ್ಕ ಬರ್ಯೋ ಗುಮಾಸ್ತ್ರಾಗಿ. ಮರುವರ್ಷ ಜನವರೀಲಿ ಕೇಂಬ್ರಿಡ್ಜಿನ ಗಣಿತದ ಮೇಷ್ಟ್ರು ಹಾರ್ಡಿಗೆ ಕಾಗ್ದ ಬರ್ದಾಗ ಮೊದಲ್ನೇ ಸಾಲಲ್ಲೇ ಏನು ಹೇಳ್ಕೊಂಡ್ರು ಗೊತ್ತಾ? ನಾನು ಪೋರ್ಟ್ ಟ್ರಸ್ಟಿನ ಅಕೌಂಟ್ಸಲ್ಲಿ ಗುಮಾಸ್ತ, ವರ್ಷಕ್ಕೆ ಬರೀ 20 ಪೌಂಡ್ ಸಂಬಳ ಅಂತ. ಗಣಿತದ ಸುದ್ದಿ ಬಂದಿದ್ದು ಆಮೇಲೆ. ಸಿ.ವಿ. ರಾಮನ್ನೂ ಅಷ್ಟೇ, 1907ರಿಂದ ಹತ್ತು ವರ್ಷ ಸರ್ಕಾರದ ಲೆಕ್ಕಪತ್ರದ ಅಧಿಕಾರಿ, ಕಲ್ಕತ್ತಾದಲ್ಲಿ ಆಫೀಸಿಗೆ ಮುಂಚೆ ಒಂದಿಷ್ಟು ಹೊತ್ತು, ಆಫೀಸ್ ಬಿಟ್ಮೇಲೆ ಒಂದಿಷ್ಟು ಹೊತ್ತು ಲ್ಯಾಬು.

ನಿಂಗೆ ಇನ್ನೂ ಹತ್ರದವ್ನು ಅಂದ್ರೆ ಹಾಲೆಂಡಿನ ಲೇವನ್‌ಹುಕ್. ಡೆಲ್ಫ್ಟ್ ಅನ್ನೋ ಊರಲ್ಲಿ ಬಟ್ಟೆ ವ್ಯಾಪಾರಿ ಅವ್ನು, ಕಾಲೇಜು ಮೆಟ್ಲು ಹತ್ತಿದವ್ನಲ್ಲ, ಆಗಿನ ಪಂಡಿತ್ರ ಭಾಷೆ ಲ್ಯಾಟಿನ್ನೂ ಬರ್ತಿರ್ಲಿಲ್ಲ. ಬಟ್ಟೆಯವ್ರು ನೂಲು ಎಣ್ಸೋಕೆ ಭೂತಗನ್ನಡಿ ಹಿಡೀತಿದ್ರು, ಇವ್ನು ತಾನೇ ಚಿಕ್ಕ ಚಿಕ್ಕ ಲೆನ್ಸ್ ಮಾಡ್ಕೊಂಡು ನೀರಿನ ಹನಿ ಒಳ್ಗೆ ಓಡಾಡೋ ಜೀವಿಗಳನ್ನ ಕಂಡ, 1676ರಲ್ಲಿ ಅದನ್ನ ಲಂಡನ್ನಿನ ರಾಯಲ್ ಸೊಸೈಟಿ ಅನ್ನೋ ವಿಜ್ಞಾನಿಗಳ ಸಂಘಕ್ಕೆ ತನ್ನ ಡಚ್ಚಲ್ಲೇ ಬರ್ದು ಕಳ್ಸಿದ. ಅದ್ರಲ್ಲಿ ಬ್ಯಾಕ್ಟೀರಿಯಾನೂ ಇದ್ವು.

ನೀ ಸಣ್ಣವ್ಳಿದ್ದಾಗ ನನ್ನ ಹೊಲಿಗೆ ಮಷೀನಿನ ಹತ್ರ ಕೂತು ಏನು ಮಾಡ್ತಿದ್ದೆ ನೆನ್ಪದೆಯಾ? ಅಂಚಿಂದ ಒಂದು ಎಳೆ ಎಳ್ದು ದೀಪಕ್ಕೆ ಹಿಡೀತಿದ್ದೆ. ಹತ್ತಿಯಾದ್ರೆ ಕಾಗ್ದ ಸುಟ್ಟ ವಾಸ್ನೆ, ಬೆರಳಲ್ಲಿ ಉಜ್ಜಿದ್ರೆ ಬೂದಿ. ಪಾಲಿಸ್ಟರ್ ಆದ್ರೆ ಕರಗಿ ಕಪ್ಪು ಗುಂಡು. ನಾ ಹೇಳ್ಕೊಟ್ಟಿದ್ದು ಎರಡೇ ಬಟ್ಟೆ, ನೀ ಮನೇಲಿದ್ದ ಅಷ್ಟೂ ಚಿಂದಿ ಸುಟ್ಟು ನೋಡ್ದೆ, ರೇಷ್ಮೆ ಸುಟ್ರೆ ಕೂದ್ಲು ಸುಟ್ಟ ವಾಸ್ನೆ ಬರ್ತದೆ ಆಯಿ ಅಂತ ಓಡ್ಬಂದವ್ಳೂ ನೀನೇ.

ಅಂಗಡೀಲೂ ನೀ ಸುಮ್ನಿರ್ಲಿಲ್ಲ. ಹೋದ ಮಳೆಗಾಲ ಯಾವ ಥಾನಿಗೆ ಬೂಸ್ಲು ಮೊದ್ಲು ಹಿಡೀತದೆ ಅಂತ ಹಳೇ ಬಿಲ್ ಬುಕ್ಕಿನ ಹಿಂದೆ ತಾರೀಖು ಹಾಕಿ ಬರ್ದಿಟ್ಟಿದ್ದೆ, ಗೋಡೆ ಕಡೆ ಇಟ್ಟಿದ್ದು ಎಷ್ಟು ದಿನಕ್ಕೆ, ಗಂಜಿ ಹಾಕಿದ ಕಾಟನ್ ಎಷ್ಟು ದಿನಕ್ಕೆ ಅಂತೆಲ್ಲ. ಫೋನಲ್ಲಿ ಅರ್ಧ ಗಂಟೆ ಅದೇ ಮಾತು. ಇಂಥದ್ದನ್ನ ಬಿಟ್ಟು ಗೀಟು ಎಳೀತಾರಾ?

ಅಂಗಡಿ ಹೆಸ್ರು ಬರೆ, ಎರಡು ವರ್ಷ ಅಂತ ಬರೆ, ಕೇಳಿದ್ರೆ ಬೂಸ್ಲಿನ ಕಥೆ ಹೇಳು. ಆ ಬಿಲ್ ಬುಕ್ ಇನ್ನೂ ಅಲ್ಲೇ ಇದ್ರೆ ಯಜಮಾನ್ರ ಹತ್ರ ಕೇಳಿ ಇಸ್ಕೊಂಡು ಬಾ. ಸಂದರ್ಶನಕ್ಕೆ ಕಾರವಾರದ ಕೋಡಿಬಾಗಕ್ಕೆ ಹೋಗೋ ದಿನ ಕುಮಟೆಯಿಂದ ನಾನೂ ಬಸ್ಸು ಹತ್ತುತ್ತೇನೆ, ಅಪ್ಪ ಈಗ ಒಬ್ರೇ ಗಂಜಿ ಕಾಯ್ಸ್ಕೊಳ್ತಾರೆ.

ನಿನ್ನ ಆಯಿ